ಲೋಹ ಬಾಗುವ ಬಗೆ

ಅಲ್ಯೂಮಿನಿಯಮ್ ತಗಡಿನ ಮೇಲೆ ಕೈವಾರದಿಂದ ಒಂದು ವೃತ್ತ ಎಳೆದು, ಕೂದಲೆಳೆಯಷ್ಟೂ ತಪ್ಪದಂತೆ ಅದನ್ನು ಕತ್ತರಿಸಿಕೊಳ್ಳಿ. ದುಂಡಗಿನ ಡೈ ಮೇಲೆ ಅದನ್ನಿಟ್ಟು ದುಂಡಗಿನ ಪಂಚ್‌ನಿಂದ ಒಳಕ್ಕೆ ಒತ್ತಿದರೆ ಒಂದು ಬಟ್ಟಲಾಗುತ್ತದೆ. ತಗಡು ದುಂಡು, ಡೈ ದುಂಡು, ಪಂಚ್ ದುಂಡು. ಆದರೂ ಬಟ್ಟಲಿನ ಬಾಯಿ ಮಾತ್ರ ಸಮವಾಗಿ ಬರುವುದಿಲ್ಲ. ನಾಲ್ಕು ಕಡೆ ಅಂಚು ಏರಿ ನಿಲ್ಲುತ್ತದೆ, ನಡುನಡುವೆ ನಾಲ್ಕು ಕಡೆ ತಗ್ಗುತ್ತದೆ. ಈ ಏರುಗಳಿಗೆ ಪಶ್ಚಿಮದ ಕಾರ್ಖಾನೆಯವರು 'ಕಿವಿ' ಎಂದು ಹೆಸರಿಟ್ಟಿದ್ದಾರೆ. ಕಿವಿ ಎದ್ದ ಬಟ್ಟಲನ್ನು ಹಾಗೆಯೇ ಮುಂದಕ್ಕೆ ಕಳುಹಿಸುವಂತಿಲ್ಲ. ಕಿವಿಯನ್ನು ಕತ್ತರಿಸಿ ಮತ್ತೆ ಕುಲುಮೆಗೆ ಹಾಕಬೇಕು. ಒಂದು ಬಟ್ಟಲಿನಲ್ಲಿ ನಷ್ಟವಾಗುವುದು ಒಂದು ಚೂರು ಮಾತ್ರ, ನಿಜ. ಆದರೆ ಪಾನೀಯ ತುಂಬುವ ಅಲ್ಯೂಮಿನಿಯಮ್ ಡಬ್ಬಿಗಳೂ ಮೊದಲು ಹೀಗೆ ಬಟ್ಟಲಾಗಿಯೇ ಹುಟ್ಟುವಂಥವು. ಅಂಥ ಡಬ್ಬಿಗಳು ಲೋಕದಲ್ಲಿ ವರ್ಷಕ್ಕೆ ಹತ್ತು ಸಾವಿರ ಕೋಟಿಗೂ ಮಿಕ್ಕಿ ತಯಾರಾಗುತ್ತವೆಂದಮೇಲೆ ಚೂರುಗಳೇ ಕೂಡಿ ಬೆಟ್ಟವಾಗುತ್ತವೆ.

ಮೂರೂ ದುಂಡಾಗಿರುವಾಗ ಈ ನಾಲ್ಕರ ಎಣಿಕೆ ಎಲ್ಲಿಂದ ಬಂತು? ಉತ್ತರ ಡೈಯಲ್ಲಿಯೂ ಇಲ್ಲ, ಒತ್ತುವವನ ಕೈಯಲ್ಲಿಯೂ ಇಲ್ಲ. ತಗಡಿನ ಒಳಗೇ ಇದೆ. ಅದನ್ನು ಕಾಣಲು ವಿಜ್ಞಾನಿಗಳಿಗೆ ಸುಮಾರು ಅರವತ್ತು ವರ್ಷ ಹಿಡಿಯಿತು. ಆ ದಾರಿಯಲ್ಲಿ ನಡೆದವರಲ್ಲಿ ಕೆಲವರ ಹೆಸರು ಪಠ್ಯಪುಸ್ತಕಗಳಲ್ಲಿ ನೆಲೆಯಾಗಿ ನಿಂತಿದೆ. ಒಬ್ಬ ಮಹಿಳೆಯ ಹೆಸರು ಮಾತ್ರ ಅಡಿಟಿಪ್ಪಣಿಗೆ ಜಾರಿಕೊಂಡಿದೆ. ಆಕೆಯನ್ನು ಬಿಟ್ಟು ಈ ಕಥೆ ಹೇಳಿದರೆ ಕಥೆಯ ಅರ್ಧವನ್ನೇ ಹೇಳಿದಂತಾಗುತ್ತದೆಂದು ನನ್ನ ಅಭಿಪ್ರಾಯ.

ಲೋಹ ಬಡಿಯುವವರಿಗೆ ಅದರ ಗುಣ ತಿಳಿಯದೆ ಇರಲಿಲ್ಲ. ತಾಮ್ರದ ಹಂಡೆ ಬಡಿಯುವ ಕಂಚುಗಾರನಿಗೆ, ಬಡಿದಷ್ಟೂ ತಾಮ್ರ ಗಡುಸಾಗುತ್ತದೆಂದೂ, ಇನ್ನೂ ಬಡಿದರೆ ಬಿರಿಯುತ್ತದೆಂದೂ, ಅಷ್ಟರೊಳಗೆ ಅದನ್ನು ಬೆಂಕಿಗೆ ಹಿಡಿದು ಕೆಂಪಗೆ ಕಾಯಿಸಿದರೆ ಮತ್ತೆ ಮೆದುವಾಗಿ ಕೈಗೆ ಬಗ್ಗುತ್ತದೆಂದೂ ಚೆನ್ನಾಗಿ ಗೊತ್ತು. ಏಕೆ ಹೀಗೆ ಎಂದು ಕೇಳಿದರೆ, ಲೋಹದ ಸ್ವಭಾವವೇ ಹಾಗೆ ಎನ್ನುವುದರ ಹೊರತು ಬೇರೆ ಉತ್ತರವಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಎಂಜಿನಿಯರುಗಳು ಇದಕ್ಕಿಂತ ಬಹಳ ಮುಂದೇನೂ ಹೋಗಿರಲಿಲ್ಲ. ರೈಲುಗಾಡಿಯ ಅಚ್ಚು ಮುರಿದಾಗ ಮುರಿದ ಮುಖದಲ್ಲಿ ಹೊಳೆಯುವ ಹರಳುಗಳನ್ನು ಕಂಡು, "ಮೊದಲು ನಾರಿನಂತಿದ್ದ ಕಬ್ಬಿಣ ಅಲುಗಾಟದಿಂದ ಹರಳುಗಟ್ಟಿ ಹೋಯಿತು" ಎಂದು ಅನೇಕರು ಹೇಳುತ್ತಿದ್ದರು. ಕಬ್ಬಿಣ ಹರಳುಗಟ್ಟಿದ್ದರಿಂದ ಮುರಿಯಿತಲ್ಲ. ಅದು ಮೊದಲಿನಿಂದಲೂ ಹರಳೇ. ಹೆಪ್ಪುಗಟ್ಟಿದ ಲೋಹವೆಲ್ಲ ಕಣ್ಣಿಗೆ ಕಾಣದಷ್ಟು ಸಣ್ಣ ಹರಳುಗಳು ಒಂದಕ್ಕೊಂದು ಒತ್ತಿಕೊಂಡು ನಿಂತ ಜಾತ್ರೆ. ಆದರೆ ಆಗ ಇನ್ನೊಂದು ಪ್ರಶ್ನೆ ಏಳುತ್ತದೆ. ಉಪ್ಪಿನ ಹರಳನ್ನಾಗಲಿ ಕಲ್ಲುಸಕ್ಕರೆಯನ್ನಾಗಲಿ ಬಡಿದರೆ ಪುಡಿಯಾಗುತ್ತದೆ. ಲೋಹವೂ ಹರಳೇ ಆದರೆ ಅದೇಕೆ ಪುಡಿಯಾಗದೆ ಬಾಗುತ್ತದೆ?

ಇದಕ್ಕೆ ಮೊದಲ ಸುಳಿವು ದೊರೆತದ್ದು 1899ರಲ್ಲಿ, ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ. ಅಲ್ಲಿ ಪ್ರಾಧ್ಯಾಪಕರಾಗಿದ್ದ ಜೇಮ್ಸ್ ಆಲ್‌ಫ್ರೆಡ್ ಯೂಯಿಂಗ್ ಎಂಬವರೂ ವಾಲ್ಟರ್ ರೋಸೆನ್‌ಹೈನ್ ಎಂಬ ತರುಣರೂ ಲೋಹದ ತುಂಡುಗಳನ್ನು ಕನ್ನಡಿಯಂತೆ ಹೊಳಪಿಸಿ, ಅವನ್ನು ಎಳೆದು ಬಾಗಿಸಿ, ಸೂಕ್ಷ್ಮದರ್ಶಕದಲ್ಲಿ ನೋಡಿದರು. ಪ್ರತಿಯೊಂದು ಹರಳಿನ ಮೇಲೂ ನೇಗಿಲ ಸಾಲಿನಂತೆ ನೇರವಾದ ಗೆರೆಗಳು ಎದ್ದಿದ್ದವು. ಒಂದು ಹರಳಿನಲ್ಲಿ ಒಂದು ದಿಕ್ಕು, ಪಕ್ಕದ ಹರಳಿನಲ್ಲಿ ಇನ್ನೊಂದು ದಿಕ್ಕು. ಬೆಳಕನ್ನು ಓರೆಯಾಗಿ ಬಿಟ್ಟು ನೋಡಿದಾಗ ಅವು ಬಿರುಕುಗಳಲ್ಲ, ಸಣ್ಣ ಸಣ್ಣ ಮೆಟ್ಟಿಲುಗಳು ಎಂದು ತಿಳಿಯಿತು. ಇಸ್ಪೀಟಿನ ಕಟ್ಟನ್ನು ಪಕ್ಕಕ್ಕೆ ತಳ್ಳಿದಾಗ ಎಲೆಗಳು ಒಂದರ ಮೇಲೊಂದು ಜಾರಿ ಕಟ್ಟು ಓರೆಯಾಗುತ್ತದಲ್ಲವೆ? ಹರಳಿನ ಪದರಗಳೂ ಹಾಗೆಯೇ ಜಾರುತ್ತವೆ. ಜಾರಿದರೂ ಹರಳು ಹರಳಾಗಿಯೇ ಉಳಿಯುತ್ತದೆ. ಲೋಹ ಬಾಗುವುದೆಂದರೆ ಈ ಜಾರುವಿಕೆಯೇ. (ಯೂಯಿಂಗರು ಮುಂದೆ ಮೊದಲನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ನೌಕಾಪಡೆಗಾಗಿ ಶತ್ರುವಿನ ಗುಪ್ತಲಿಪಿಗಳನ್ನು ಬಿಡಿಸುವ ಕಚೇರಿಯನ್ನು ನಡೆಸಿದರು. ಅದು ಬೇರೆಯೇ ಕಥೆ.)

ಯಾವ ಪದರ, ಯಾವ ದಿಕ್ಕಿಗೆ, ಎಷ್ಟು ಬಲಕ್ಕೆ ಜಾರುತ್ತದೆ ಎಂದು ಅಳೆಯಬೇಕಾದರೆ ಜಾತ್ರೆಯಲ್ಲಿ ಅಳೆಯಲಾಗುವುದಿಲ್ಲ. ಒಂಟಿ ಹರಳು ಬೇಕು, ಅದೂ ಕೈಯಲ್ಲಿ ಹಿಡಿದು ಎಳೆಯುವಷ್ಟು ದೊಡ್ಡದು. ಇಲ್ಲಿಯೇ ಕಾನ್‌ಸ್ಟನ್ಸ್ ಈಲಮ್ ಕಥೆಗೆ ಬರುತ್ತಾರೆ. 1894ರಲ್ಲಿ ಹುಟ್ಟಿದ ಈಕೆ ಕೇಂಬ್ರಿಜ್‌ನ ನ್ಯೂನಮ್ ಕಾಲೇಜಿನಲ್ಲಿ ಓದಿದವರು. ಹೆಣ್ಣುಮಕ್ಕಳು ಅಲ್ಲಿ ಪರೀಕ್ಷೆಗೆ ಕೂಡಬಹುದಿತ್ತು, ಪದವಿ ಮಾತ್ರ ಕೊಡುತ್ತಿರಲಿಲ್ಲ. ಆ ವಿಶ್ವವಿದ್ಯಾಲಯ ಅವರಿಗೆ ಪೂರ್ಣ ಪದವಿ ಕೊಡತೊಡಗಿದ್ದು 1948ರಲ್ಲಿ. ಲಂಡನ್ನಿನ ರಾಯಲ್ ಸ್ಕೂಲ್ ಆಫ್ ಮೈನ್ಸ್‌ನಲ್ಲಿ ಹೆರಾಲ್ಡ್ ಕಾರ್ಪೆಂಟರ್ ಅವರ ಜೊತೆಯಲ್ಲಿ ಈಕೆ ಅಲ್ಯೂಮಿನಿಯಮ್ ಹರಳು ಬೆಳೆಸುವ ಕೆಲಸಕ್ಕೆ ಕೈಹಾಕಿದರು. ಸಣ್ಣ ಹರಳುಗಳ ಪಟ್ಟಿಯನ್ನು ಮೊದಲು ಕಾಯಿಸಿ ಮೆದು ಮಾಡಬೇಕು. ಆಮೇಲೆ ಅದನ್ನು ಸ್ವಲ್ಪವೇ ಸ್ವಲ್ಪ, ನೂರಕ್ಕೆ ಒಂದೆರಡು ಪಾಲಿನಷ್ಟು ಎಳೆಯಬೇಕು. ಮತ್ತೆ ಕುಲುಮೆಯಲ್ಲಿಟ್ಟು ನಿಧಾನವಾಗಿ ಬಿಸಿ ಏರಿಸುತ್ತ ದಿನಗಟ್ಟಲೆ ಕಾಯಬೇಕು. ಎಳೆತ ಹೆಚ್ಚಾದರೆ ಹರಳುಗಳು ಬಹಳವಾಗುತ್ತವೆ, ಕಡಿಮೆಯಾದರೆ ಏನೂ ಬೆಳೆಯುವುದಿಲ್ಲ. ಹದ ಕೂಡಿಬಂದಾಗ ಒಂದು ಹರಳು ತನ್ನ ನೆರೆಹೊರೆಯನ್ನೆಲ್ಲ ನುಂಗಿ ಪಟ್ಟಿಯ ಉದ್ದಕ್ಕೂ ತಾನೊಂದೇ ಆಗಿ ನಿಲ್ಲುತ್ತದೆ. ಈ ಫಲ 1921ರಲ್ಲಿ ಪ್ರಕಟವಾಯಿತು. ಸೂತ್ರ ಬರೆಯುವುದು ಒಂದು ವಿದ್ಯೆಯಾದರೆ ಹದ ಹಿಡಿಯುವುದು ಇನ್ನೊಂದು. ಎರಡನೆಯದಕ್ಕೆ ಬಹುಮಾನ ಕಡಿಮೆ.

ಆ ಹರಳುಗಳು ಜೆಫ್ರಿ ಇಂಗ್ರಾಮ್ ಟೇಲರ್ ಅವರ ಆಸಕ್ತಿಯನ್ನು ಸೆಳೆದವು. ಟೇಲರ್ ಗಣಿತಜ್ಞರು, ಗಾಳಿ, ನೀರು, ಸಮುದ್ರ, ಹಡಗಿನ ಲಂಗರು, ಯಾವುದನ್ನೂ ಬಿಟ್ಟವರಲ್ಲ. ತಾಯಿಯ ಕಡೆಯಿಂದ ಅವರು ತರ್ಕವನ್ನು ಬೀಜಗಣಿತಕ್ಕೆ ಇಳಿಸಿದ ಜಾರ್ಜ್ ಬೂಲ್ ಅವರ ಮೊಮ್ಮಗ. ಬೂಲರ ಹೆಂಡತಿ ಮೇರಿಯಾದರೋ ನಮ್ಮ ದೇಶದ ಸರ್ವೇಯರ್ ಜನರಲ್ ಆಗಿದ್ದ, ಹಿಮಾಲಯದ ಶಿಖರಕ್ಕೆ ಯಾರ ಹೆಸರಿಟ್ಟರೋ ಆ ಜಾರ್ಜ್ ಎವರೆಸ್ಟ್ ಅವರ ಅಣ್ಣತಮ್ಮಂದಿರ ಪೈಕಿ ಒಬ್ಬರ ಮಗಳು. ಟೇಲರ್ ಮತ್ತು ಈಲಮ್ ಜೊತೆಗೂಡಿ ಹರಳಿನ ಪಟ್ಟಿಯ ಮೇಲೆ ಸೂಜಿಯಿಂದ ಗೆರೆಗಳನ್ನು ಗೀರಿ, ಎಳೆದು, ಗೆರೆಗಳು ಹೇಗೆ ಓರೆಯಾದವೆಂದು ಅಳೆದರು. ಹರಳಿನ ಒಳಗೆ ಪರಮಾಣುಗಳ ಸಾಲು ಯಾವ ಕಡೆಗೆ ನಿಂತಿದೆ ಎಂಬುದನ್ನು ಎಕ್ಸ್ ಕಿರಣಗಳಿಂದ ಗುರುತಿಸಿದರು. 1912ರ ಹೊತ್ತಿಗೆ ಜರ್ಮನಿಯಲ್ಲಿಯೂ ಇಂಗ್ಲೆಂಡಿನಲ್ಲಿಯೂ ಹುಟ್ಟಿದ ಆ ವಿದ್ಯೆ ಆಗ ಹೊಸತು. 1923ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಬೇಕೇರಿಯನ್ ಉಪನ್ಯಾಸವಾಗಿ ಇಬ್ಬರ ಹೆಸರಿನಲ್ಲಿಯೂ ಈ ಕೆಲಸ ಹೊರಬಂತು.

ಅವರು ಕಂಡದ್ದು ಇಷ್ಟು. ಹಣ್ಣಿನಂಗಡಿಯಲ್ಲಿ ಕಿತ್ತಳೆಹಣ್ಣುಗಳನ್ನು ಗೋಪುರವಾಗಿ ಒಟ್ಟಿರುವುದನ್ನು ನಾವು ನೋಡಿದ್ದೇವೆ. ಅಲ್ಯೂಮಿನಿಯಮ್ಮಿನ ಪರಮಾಣುಗಳೂ ಹಾಗೆಯೇ ಒಟ್ಟಿಕೊಂಡಿವೆ. ಅಂಥ ರಾಶಿಯಲ್ಲಿ ಹಣ್ಣುಗಳು ತೀರ ಒತ್ತಾಗಿ ಕೂತ ಪದರಗಳು ನಾಲ್ಕು ಓರೆಗಳಲ್ಲಿ ಸಿಕ್ಕುತ್ತವೆ. ಪ್ರತಿಯೊಂದು ಪದರ ಸುಲಭವಾಗಿ ಜಾರಬಲ್ಲ ದಿಕ್ಕುಗಳು ಮೂರು. ನಾಲ್ಕು ಮೂರಲೆ ಹನ್ನೆರಡು. ಹರಳು ಜಾರುವುದು ಈ ಹನ್ನೆರಡು ದಾರಿಗಳಲ್ಲಿ ಮಾತ್ರ; ಅವುಗಳಲ್ಲಿ ಯಾವ ದಾರಿಯ ಮೇಲೆ ಜಾರಿಸುವ ಬಲ ಅತ್ಯಧಿಕವಾಗಿ ಬಿದ್ದಿದೆಯೋ ಆ ದಾರಿಯನ್ನೇ ಅದು ಹಿಡಿಯುತ್ತದೆ. ಇನ್ನೊಂದು ಸಂಗತಿ ಇದಕ್ಕಿಂತ ದೊಡ್ಡದು. ಜಾರುತ್ತ ಜಾರುತ್ತ ಹರಳು ತಾನೇ ಮೆಲ್ಲನೆ ಹೊರಳುತ್ತದೆ, ಇನ್ನೊಂದು ದಾರಿಯ ಮೇಲೂ ಬಲ ಸಮನಾಗುವವರೆಗೆ. ಆಮೇಲೆ ಎರಡು ದಾರಿಗಳಲ್ಲಿಯೂ ಜಾರುತ್ತದೆ. ರೋಲರುಗಳ ನಡುವೆ ಸಿಕ್ಕು ತೆಳುವಾಗುವ ತಗಡಿನ ಕೋಟಿಗಟ್ಟಲೆ ಹರಳುಗಳೂ ಹೀಗೆ ಹೊರಳುತ್ತ ಹೊರಳುತ್ತ ಕೆಲವೇ ನಿಲುವುಗಳಿಗೆ ಬಂದು ಸೇರುತ್ತವೆ. ಮರಕ್ಕೆ ಎಳೆಯಿದ್ದಂತೆ ತಗಡಿಗೂ ಒಂದು ಒಳನಡೆ ಬಂದುಬಿಡುತ್ತದೆ. ಕಣ್ಣಿಗೆ ದುಂಡಾಗಿ ಕಂಡದ್ದು ಒಳಗೆ ದುಂಡಲ್ಲ.

ಅದೇ ವರ್ಷಗಳಲ್ಲಿ ಜರ್ಮನ್ ಮಾತಾಡುವ ನಾಡುಗಳಲ್ಲಿ ಎರಿಕ್ ಶ್ಮಿಡ್ ಮೊದಲಾದವರು ಸತುವಿನ ಹರಳುಗಳಿಂದ ಇಂಥ ನಿಯಮವನ್ನೇ ಕಂಡುಕೊಂಡಿದ್ದರು. 1935ರಲ್ಲಿ ಶ್ಮಿಡ್ ಮತ್ತು ವಾಲ್ಟರ್ ಬೋವಾಸ್ ಬರೆದ 'ಕ್ರಿಸ್ಟಾಲ್‌ಪ್ಲಾಸ್ಟಿಟ್ಸಿಟೇಟ್' ಎಂಬ ಜರ್ಮನ್ ಗ್ರಂಥ ಹೊರಬಂತು. ಹರಳು ಬಾಗುವ ಈ ಶಾಸ್ತ್ರಕ್ಕೆ ಇಂದಿರುವ ಹೆಸರು ಅದೇ. ಅದೇ ವರ್ಷ, ಅದೇ ವಿಷಯದ ಮೇಲೆ, ಆಕ್ಸ್‌ಫರ್ಡಿನಿಂದ ಈಲಮ್ ಅವರ ಇಂಗ್ಲಿಷ್ ಪುಸ್ತಕವೂ ಬಂತು. ಮೊದಲನೆಯದನ್ನು ಈ ಶಾಸ್ತ್ರದವರೆಲ್ಲ ನೆನೆಯುತ್ತಾರೆ. ಎರಡನೆಯದನ್ನು ನೆನೆಯುವವರು ಕಡಿಮೆ.

ನಡುವೆ ಒಂದು ಒಗಟು ಎದ್ದಿತ್ತು. ಒಂದು ಪದರ ಇನ್ನೊಂದರ ಮೇಲೆ ಇಡಿಯಾಗಿ ಜಾರಬೇಕಾದರೆ ಎಷ್ಟು ಬಲ ಬೇಕೆಂದು 1926ರಲ್ಲಿ ರಷ್ಯದ ಫ್ರೆಂಕೆಲ್ ಲೆಕ್ಕ ಹಾಕಿದರು. ಲೆಕ್ಕಕ್ಕೂ ಪ್ರಯೋಗಕ್ಕೂ ತಾಳೆಯೇ ಇರಲಿಲ್ಲ. ನಿಜವಾದ ಹರಳು ಆ ಬಲದ ಸಾವಿರದಲ್ಲೊಂದು ಪಾಲಿಗೇ ಜಾರಿಬಿಡುತ್ತಿತ್ತು. 1934ರಲ್ಲಿ ಟೇಲರ್, ಒರೊವಾನ್, ಪೊಲಾನ್ಯಿ ಮೂವರೂ ಬೇರೆ ಬೇರೆಯಾಗಿ ಒಂದೇ ಉತ್ತರ ಕೊಟ್ಟರು. ಹಾಸಿದ ದೊಡ್ಡ ಜಮಖಾನವನ್ನು ಒಂದು ಗೇಣು ಸರಿಸಬೇಕಾದರೆ ಇಡಿಯಾಗಿ ಎಳೆಯುವುದು ಕಷ್ಟ. ಒಂದು ತುದಿಯಲ್ಲಿ ಮಡಿಕೆ ಎಬ್ಬಿಸಿ ಆ ಮಡಿಕೆಯನ್ನೇ ಕಾಲಿನಿಂದ ಮುಂದಕ್ಕೆ ತಳ್ಳುತ್ತ ಹೋದರೆ ಮಗುವೂ ಸರಿಸಬಹುದು. ಹರಳಿನ ಪದರಗಳಲ್ಲಿಯೂ ಅಂಥ ಮಡಿಕೆಗಳಿವೆ, ಅವು ಹರಿದಾಡುವುದರಿಂದಲೇ ಪದರ ಜಾರುತ್ತದೆ ಎಂದರು. ಮಡಿಕೆಗಳು ಹೆಚ್ಚಿ ಒಂದಕ್ಕೊಂದು ತೊಡರಿಕೊಂಡಾಗ ಲೋಹ ಗಡುಸಾಗುತ್ತದೆ. ಕಾಯಿಸಿದಾಗ ತೊಡರು ಬಿಡುತ್ತದೆ. ಕಂಚುಗಾರನ ಅನುಭವಕ್ಕೆ ಹೀಗೆ ಕಾರಣ ದೊರೆಯಿತು. ಕಣ್ಣಾರೆ ಕಂಡವರಿರಲಿಲ್ಲ, ಅಷ್ಟೆ. 1956ರಲ್ಲಿ ಕೇಂಬ್ರಿಜ್‌ನ ಹರ್ಷ್, ಹಾರ್ನ್, ವೀಲನ್ ಎಂಬವರು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಅಲ್ಯೂಮಿನಿಯಮ್ ಹಾಳೆಯೊಳಗೆ ಅವು ಹರಿದಾಡುವುದನ್ನೇ ನೋಡಿದರು.

ಒಂಟಿ ಹರಳಿನ ಕಥೆ ಇದಾಯಿತು. ಕಾರ್ಖಾನೆಗೆ ಬೇಕಾದದ್ದು ಜಾತ್ರೆಯ ಕಥೆ. ಒಂದು ಹರಳಿಗೆ ಒಂದು ದಾರಿಯಲ್ಲಿ ಜಾರುವುದು ಸುಲಭ. ಆದರೆ ನೆರೆಯ ಹರಳು ಬಿಡಬೇಕಲ್ಲ! ಎಲ್ಲರೂ ತಮ್ಮ ತಮ್ಮ ದಾರಿ ಹಿಡಿದರೆ ನಡುವೆ ತೆರವು ಬಿದ್ದು ಲೋಹ ಸೀಳಿಹೋಗಬೇಕು. 1928ರಲ್ಲಿ ಜರ್ಮನಿಯ ಜಾಕ್ಸ್ ಪ್ರತಿ ಹರಳೂ ಸ್ವತಂತ್ರವೆಂದೇ ಇಟ್ಟುಕೊಂಡು ಲೆಕ್ಕ ಮಾಡಿದ್ದರು. ಟೇಲರ್ 1938ರಲ್ಲಿ ಇದಕ್ಕೆ ವಿರುದ್ಧವಾದ ತುದಿಯಿಂದ ಹೊರಟರು: ಇಡೀ ತುಂಡು ಹೇಗೆ ಆಕಾರ ಬದಲಿಸುತ್ತದೆಯೋ ಪ್ರತಿ ಹರಳೂ ಹಾಗೆಯೇ ಬದಲಿಸಬೇಕು. ಗಾತ್ರ ಬದಲಾಗದೆ ಆಕಾರ ಮಾತ್ರ ಬದಲಾಗುವುದಕ್ಕೆ ಐದು ಅಳತೆಗಳು ಬೇಕು. ಆದುದರಿಂದ ಪ್ರತಿ ಹರಳಿನಲ್ಲಿಯೂ ಕನಿಷ್ಠ ಐದು ದಾರಿಗಳಲ್ಲಿ ಏಕಕಾಲಕ್ಕೆ ಜಾರಬೇಕು. ಹನ್ನೆರಡರಲ್ಲಿ ಐದನ್ನು ಆರಿಸುವ ಬಗೆಗಳು 792. ಅವುಗಳಲ್ಲಿ ನಿಜವಾಗಿ ಉಪಯೋಗಕ್ಕೆ ಬರುವವು 384. ಯಾವ ಐವರಿಂದ ಒಟ್ಟು ಶ್ರಮ ಅತಿ ಕಡಿಮೆಯಾಗುತ್ತದೆಯೋ ಅದನ್ನೇ ಲೋಹ ಆರಿಸಿಕೊಳ್ಳುತ್ತದೆಂದು ಟೇಲರ್ ಹೇಳಿದರು. ಗಣಕಯಂತ್ರಗಳಿಲ್ಲದ ಆ ಕಾಲದಲ್ಲಿ ಹರಳಿನ ಒಂದೊಂದು ನಿಲುವಿಗೂ ಈ ಲೆಕ್ಕವನ್ನು ಕೈಯಲ್ಲಿಯೇ ಮಾಡಿ ಸರಾಸರಿ ತೆಗೆದಾಗ ಬಂದ ಸಂಖ್ಯೆ 3.06. ಒಂಟಿ ಹರಳು ಜಾರುವ ಬಲವನ್ನು ಇದರಿಂದ ಗುಣಿಸಿದರೆ ಸಾಮಾನ್ಯ ಅಲ್ಯೂಮಿನಿಯಮ್ ಎಳೆತಕ್ಕೆ ಮಣಿಯುವ ಬಲ ದೊರೆಯುತ್ತದೆ. ಜಾಕ್ಸ್ ಅವರ ಹಾದಿಯಲ್ಲಿ ಬರುವ 2.24 ತೀರ ಕಡಿಮೆಯಾಗಿತ್ತು. 3.06ಕ್ಕೆ ಇಂದಿಗೂ ಟೇಲರ್ ಅವರ ಹೆಸರೇ ಇದೆ. ಅದನ್ನು ಗುಣಿಸಲು ಬೇಕಾದ ಒಂಟಿ ಹರಳಿನ ವಿದ್ಯೆಗೆ ಈಲಮ್ ಅವರ ಹೆಸರನ್ನು ಯಾರೂ ಇಟ್ಟಿಲ್ಲ.

ಹರಳುಗಳ ಈ ತಳ್ಳಾಟ ಒತ್ತುವ ಕೆಲಸ ಮುಗಿದಮೇಲೂ ಲೋಹದೊಳಗೆ ಬಿಗಿಯಾಗಿ ಉಳಿಯುತ್ತದೆ. ನಮ್ಮ ದೇಶದಲ್ಲಿದ್ದ ಬ್ರಿಟಿಷ್ ಸೈನ್ಯ ಹಿತ್ತಾಳೆಯ ತೋಟಾಗಳನ್ನು ಮಳೆಗಾಲದಲ್ಲಿ ಲಾಯಗಳಲ್ಲಿ ಇರಿಸಿದಾಗ ಅವು ಯಾರೂ ಮುಟ್ಟದೆ ತಾವೇ ಬಿರಿಯುತ್ತಿದ್ದವು. ಲಾಯದ ಅಮೋನಿಯಾ, ಒತ್ತಿ ಎಳೆದಾಗ ಒಳಗೆ ಉಳಿದ ಬಿಗಿ ಎರಡೂ ಕೂಡಿ ಇದಕ್ಕೆ ಕಾರಣವೆಂದು 1921ರಲ್ಲಿ ತೋರಿಸಿಕೊಟ್ಟರು. ಆಮೇಲೆ ತೋಟಾಗಳನ್ನು ಕೊನೆಯಲ್ಲಿ ಹದವಾಗಿ ಕಾಯಿಸಿ ಬಿಗಿ ಇಳಿಸುವುದು ವಾಡಿಕೆಯಾಯಿತು.

ಈಲಮ್ ಅವರಾದರೋ 1928ರಲ್ಲಿ ಜಾರ್ಜ್ ಟಿಪ್ಪರ್ ಅವರನ್ನು ಮದುವೆಯಾದರು. ಟಿಪ್ಪರ್ ನಮ್ಮ ಜಿಯಲಾಜಿಕಲ್ ಸರ್ವೆ ಆಫ್ ಇಂಡಿಯಾದಲ್ಲಿ ಸೇವೆ ಮಾಡಿದ್ದ ಭೂವಿಜ್ಞಾನಿ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕ ಅವಸರ ಅವಸರವಾಗಿ ಬೆಸುಗೆ ಹಾಕಿ 2,710 'ಲಿಬರ್ಟಿ' ಹಡಗುಗಳನ್ನು ಕಟ್ಟಿ ಸಾಗರಕ್ಕೆ ಬಿಟ್ಟಿತು. ಅವುಗಳಲ್ಲಿ ಕೆಲವು ಉತ್ತರದ ಚಳಿಯ ನೀರಿನಲ್ಲಿ ಬಿರುಕು ಬಿಟ್ಟವು. ಕೆಲವು ಎರಡು ತುಂಡೇ ಆದವು. ತಪ್ಪು ಬೆಸುಗೆಯದೆಂದು ಹಲವರು ಹೇಳಿದರು. ಕೇಂಬ್ರಿಜ್‌ನಲ್ಲಿ ಅದನ್ನು ಪರೀಕ್ಷಿಸಿದ ಶ್ರೀಮತಿ ಟಿಪ್ಪರ್ ತಪ್ಪು ಉಕ್ಕಿನಲ್ಲಿಯೇ ಇದೆಯೆಂದು ತೋರಿಸಿದರು. ಒಂದು ಉಷ್ಣತೆಯ ಕೆಳಗೆ ಆ ಉಕ್ಕಿನ ಹರಳುಗಳು ಜಾರಲಾರವು. ಜಾರದ ಹರಳು ಸೀಳುತ್ತದೆ. ಬೆಸುಗೆಯ ದೋಷವೇನೆಂದರೆ, ಒಮ್ಮೆ ಹುಟ್ಟಿದ ಸೀಳನ್ನು ಅದು ತಡೆಯದೆ ತಗಡಿನಿಂದ ತಗಡಿಗೆ ಹರಿಯಬಿಟ್ಟಿತು. ಇಪ್ಪತ್ತು ವರ್ಷ ಹರಳು ಜಾರುವುದನ್ನೇ ನೋಡಿದ್ದ ಕಣ್ಣಿಗೆ ಜಾರದಿರುವುದು ಏನೆಂದು ಬೇಗ ತಿಳಿಯಿತು. 1949ರಲ್ಲಿ ಅವರು ರೀಡರ್ ಆದರು. ಕೇಂಬ್ರಿಜ್‌ನ ಎಂಜಿನಿಯರಿಂಗ್ ವಿಭಾಗದಲ್ಲಿ ಪೂರ್ಣಕಾಲದ ಅಧ್ಯಾಪಕರಾಗಿದ್ದ ಏಕೈಕ ಮಹಿಳೆ ಆಗ ಅವರೇ. 1960ರಲ್ಲಿ ನಿವೃತ್ತರಾಗಿ, 101 ವರ್ಷ ಬದುಕಿ, 1995ರಲ್ಲಿ ತೀರಿಕೊಂಡರು.

ಇನ್ನು ಬಟ್ಟಲಿನ ಕಿವಿಗೆ ಬರೋಣ. 1948ರಲ್ಲಿ ರಾಡ್ನಿ ಹಿಲ್ ಎಂಬ ಇಂಗ್ಲಿಷ್ ಗಣಿತಜ್ಞರು ದಿಕ್ಕಿಗೊಂದು ಬಲವಿರುವ ತಗಡಿಗಾಗಿ ಒಂದು ಸೂತ್ರ ಕೊಟ್ಟರು. ಅದರಲ್ಲಿ ಹರಳಿನ ಮಾತೇ ಇಲ್ಲ. ತಗಡನ್ನು ಬೇರೆ ಬೇರೆ ದಿಕ್ಕಿಗೆ ಎಳೆದು ಅಳೆದ ಅಂಕಿಗಳನ್ನು ಹಾಕಿದರೆ ಸಾಕು. ಒತ್ತುಯಂತ್ರದ ಲೆಕ್ಕಗಳಲ್ಲಿ ಇಂದಿಗೂ ಅದು ನಡೆಯುತ್ತಿದೆ. ಅದರ ಕೊರತೆಯೆಂದರೆ, ಅದು ನಾಲ್ಕು ಕಿವಿಗಳಿಗಿಂತ ಹೆಚ್ಚನ್ನು ಕಾಣಲಾರದು. ಡಬ್ಬಿಯ ತಗಡಿನಲ್ಲಿ ಆರು, ಎಂಟು ಕಿವಿಗಳೂ ಏಳುವುದುಂಟು. 1951ರಲ್ಲಿ ಇದೇ ಹಿಲ್ ಅವರು ಬಿಷಪ್ ಅವರೊಡನೆ ಟೇಲರ್ ಲೆಕ್ಕವನ್ನು ತಲೆಕೆಳಗು ಮಾಡಿ, 792 ಆಯ್ಕೆಗಳ ಬದಲು 56 ಬಲಸ್ಥಿತಿಗಳನ್ನು ನೋಡಿದರೆ ಸಾಕೆಂದು ತೋರಿಸಿದರು. ಕಡೆಗೆ 1961ರಲ್ಲಿ ಟಕರ್ ಎಂಬವರು ನೇರವಾದ ಪ್ರಯೋಗವನ್ನೇ ಮಾಡಿದರು: ಅಲ್ಯೂಮಿನಿಯಮ್ಮಿನ ಒಂಟಿ ಹರಳುಗಳಿಂದಲೇ ಬಟ್ಟಲು ಒತ್ತಿದರು! ಹರಳಿನ ನಿಲುವು ಬದಲಾದಂತೆ ಕಿವಿಗಳ ಜಾಗವೂ ಬದಲಾಯಿತು. ಹನ್ನೆರಡು ದಾರಿಗಳ ಲೆಕ್ಕ ಎಲ್ಲಿ ಎಂದಿತೋ ಅಲ್ಲಿಯೇ ಅವು ಎದ್ದವು. ಕಿವಿ ಹರಳಿನ ಸಹಿ ಎಂಬುದರಲ್ಲಿ ಸಂಶಯ ಉಳಿಯಲಿಲ್ಲ.

ಇದರಿಂದ ಕಾರ್ಖಾನೆಗೆ ಒಂದು ಉಪಾಯವೂ ದೊರೆಯಿತು. ತಣ್ಣಗೆ ರೋಲ್ ಮಾಡಿದ ತಗಡಿನಲ್ಲಿ ಕಿವಿ ಏಳುವುದು ರೋಲಿನ ದಿಕ್ಕಿಗೆ 45 ಅಂಶ ಓರೆಯಾಗಿ. ಚೆನ್ನಾಗಿ ಕಾಯಿಸಿದ ತಗಡಿನಲ್ಲಿ ಹರಳುಗಳು ಬೇರೆ ನಿಲುವು ತಾಳುವುದರಿಂದ ಕಿವಿ ಏಳುವುದು ರೋಲಿನ ನೇರಕ್ಕೂ ಅಡ್ಡಕ್ಕೂ. ಎರಡು ಬಗೆಯ ನಿಲುವುಗಳೂ ಒಂದೇ ತಗಡಿನಲ್ಲಿ ತಕ್ಕ ಪ್ರಮಾಣದಲ್ಲಿ ಬೆರೆತರೆ ಒಂದರ ಏರು ಇನ್ನೊಂದರ ತಗ್ಗಿಗೆ ಬಿದ್ದು ಅಂಚು ಹೆಚ್ಚುಕಡಿಮೆ ಸಮವಾಗುತ್ತದೆ. ಎಷ್ಟು ಕಾಯಿಸಬೇಕು, ಆಮೇಲೆ ಎಷ್ಟು ತೆಳು ಮಾಡಬೇಕು ಎಂಬುದೇ ಗಿರಣಿಯ ಜಾಣತನ. ಅಮೆರಿಕದ ಕೂರ್ಸ್ ಎಂಬ ಬಿಯರ್ ತಯಾರಕರು 1959ರಲ್ಲಿ ಅಲ್ಯೂಮಿನಿಯಮ್ ಡಬ್ಬಿಯನ್ನು ಪೇಟೆಗೆ ತಂದಮೇಲೆ ಈ ಜಾಣತನಕ್ಕೆ ಬೆಲೆ ಬಂತು. ತಗಡು ತಯಾರಾದಮೇಲೆ ಅದರಿಂದ ಒಂದು ಚಿಕ್ಕ ಬಟ್ಟಲು ಒತ್ತಿ ಅಂಚಿನ ಏರುತಗ್ಗು ಅಳೆಯುವುದು ಇಂಥ ಗಿರಣಿಗಳಲ್ಲಿ ನಿತ್ಯದ ಪರೀಕ್ಷೆ.

ಹದ ಹಿಡಿಯುವುದನ್ನು ಲೆಕ್ಕಕ್ಕೆ ಒಪ್ಪಿಸಬಹುದೆ? ಟೇಲರ್ ಕೈಯಲ್ಲಿ ಮಾಡಿದ್ದನ್ನು ಗಣಕಯಂತ್ರ ಸಾವಿರ ಹರಳುಗಳಿಗೆ ಮಾಡಬಲ್ಲದಾದ ಮೇಲೆ ಆಸೆ ಚಿಗುರಿತು. 1985ರಲ್ಲಿ ಅಸಾರೋ ಮತ್ತು ನೀಡಲ್‌ಮನ್ ಹರಳುಗಳು ಹೊರಳಿ ತಗಡಿಗೆ ಒಳನಡೆ ಬರುವುದನ್ನೂ, ತೊಡರಿ ಗಡುಸಾಗುವುದನ್ನೂ ಒಂದೇ ಲೆಕ್ಕದಲ್ಲಿ ಕೂಡಿಸಿದರು. 1992ರಲ್ಲಿ ಕಲಿದಿಂಡಿ, ಬ್ರಾಂಕ್‌ಹಾರ್ಸ್ಟ್, ಆನಂದ್ ಎಂಬ ಮೂವರು ಅಮೆರಿಕದಲ್ಲಿ ಪ್ರಕಟಿಸಿದ ಪ್ರಬಂಧ ಈ ಕ್ಷೇತ್ರದವರು ಮತ್ತೆ ಮತ್ತೆ ತಿರುವಿಹಾಕುವ ಪ್ರಬಂಧಗಳಲ್ಲೊಂದು. ಅವರಲ್ಲಿ ಲಲಿತ್ ಆನಂದ್ ಖರಗಪುರದ ಐ.ಐ.ಟಿ.ಯಲ್ಲಿಯೂ ಸೂರ್ಯ ಕಲಿದಿಂಡಿ ಮದರಾಸಿನ ಐ.ಐ.ಟಿ.ಯಲ್ಲಿಯೂ ಓದಿದವರು. ತಗಡನ್ನು ಮನಸ್ಸಿನಲ್ಲಿಯೇ ಸಣ್ಣ ಸಣ್ಣ ತುಂಡು ಮಾಡಿ, ಪ್ರತಿ ತುಂಡಿಗೂ ತನ್ನ ಹರಳುಗಳನ್ನು ಕೊಟ್ಟು, ಒತ್ತುವ ಪ್ರತಿ ಹೆಜ್ಜೆಯಲ್ಲಿಯೂ ಯಾವ ಹರಳು ಯಾವ ದಾರಿಯಲ್ಲಿ ಎಷ್ಟು ಜಾರಿತೆಂದು ಯಂತ್ರದಿಂದ ಕೇಳುವುದು ಅವರ ಕ್ರಮ. ಪೂರ್ತಿ ಕಾರಿನ ಬಾಗಿಲಿಗೆ ಹೀಗೆ ಲೆಕ್ಕ ಹಾಕಿದರೆ ಕಾಲವೂ ಹಣವೂ ಮಿತಿಮೀರುತ್ತದೆ. ಅದಕ್ಕಾಗಿ ಕಾರ್ಖಾನೆಯವರು ಒಂದು ರಾಜಿ ಮಾಡಿಕೊಂಡಿದ್ದಾರೆ. ತಗಡಿನ ಒಂದು ಚೂರಿನಲ್ಲಿ ಹರಳುಗಳ ನಿಲುವನ್ನು ಸೂಕ್ಷ್ಮದರ್ಶಕದಿಂದ ಅಳೆದು, ಹರಳುಗಳ ಲೆಕ್ಕದಿಂದ ಆ ತಗಡು ಯಾವ ದಿಕ್ಕಿಗೆ ಎಷ್ಟು ಬಲಕ್ಕೆ ಮಣಿಯುತ್ತದೆಂದು ತಿಳಿದು, ಆ ಅಂಕಿಗಳನ್ನು ಹಿಲ್ ಸೂತ್ರದ ಮುಂದಿನ ಪೀಳಿಗೆಯ ಸೂತ್ರಗಳಿಗೆ ಒದಗಿಸುತ್ತಾರೆ. ಡೈ ಕೊರೆಯುವುದಕ್ಕೆ ಮೊದಲೇ ತಗಡು ಎಲ್ಲಿ ತೆಳುವಾಗುತ್ತದೆ, ಎಲ್ಲಿ ಹರಿಯುತ್ತದೆ, ಒತ್ತುವುದು ಬಿಟ್ಟಾಗ ಎಷ್ಟು ಹಿಂದಕ್ಕೆ ಚಿಮ್ಮುತ್ತದೆ ಎಂಬುದರ ಅಂದಾಜು ಸಿಗುತ್ತದೆ. ಅಂದಾಜೇ ಸರಿ, ಡೈಗೂ ತಗಡಿಗೂ ನಡುವಿನ ಘರ್ಷಣೆ ಎಣ್ಣೆ ಬದಲಾದರೆ ಬದಲಾಗುತ್ತದೆ, ಅದನ್ನು ಯಾವ ಹರಳೂ ಹೇಳಲಾರದು.

ಎಲ್ಲ ಲೋಹಗಳೂ ಅಲ್ಯೂಮಿನಿಯಮ್ಮಿನಷ್ಟು ಸಲೀಸಲ್ಲ. ಅದಕ್ಕಿಂತಲೂ ಹಗುರವಾದ ಮೆಗ್ನೀಸಿಯಮ್ಮಿನ ತಗಡಿನಿಂದ ಕಾರಿನ ಮೈ ಒತ್ತಬೇಕೆಂಬ ಬಯಕೆ ಹಳೆಯದು. ಆದರೆ ಅದರ ಹರಳಿನಲ್ಲಿ ಸುಲಭವಾಗಿ ಜಾರುವ ಪದರ ಒಂದೇ ಓರೆಯಲ್ಲಿದೆ, ದಿಕ್ಕು ಮೂರು. ಟೇಲರ್ ಕೇಳಿದ ಐದು ದಾರಿ ತಣ್ಣಗಿರುವಾಗ ಸುಲಭವಾಗಿ ಕೂಡಿಬರುವುದಿಲ್ಲ. ಉಳಿದದ್ದಕ್ಕೆ ಹರಳು ಜಾರುವ ಬದಲು ಕನ್ನಡಿಯ ಬಿಂಬದಂತೆ ಥಟ್ಟನೆ ಮಗುಚಿಕೊಳ್ಳುತ್ತದೆ. ಆ ಮಗುಚುವಿಕೆಯಾದರೋ ಎಳೆದರೆ ಒಂದು ಬಗೆ, ಒತ್ತಿದರೆ ಇನ್ನೊಂದು ಬಗೆ. ತಗಡನ್ನು 200 ಡಿಗ್ರಿ ಸೆಂಟಿಗ್ರೇಡಿನ ಮೇಲೆ ಕಾಯಿಸಿದರೆ ಬೇರೆ ದಾರಿಗಳೂ ತೆರೆದು ಲೋಹ ಬಗ್ಗುತ್ತದೆ. ಜೊತೆಗೆ ಖರ್ಚೂ ಏರುತ್ತದೆ. ಕಾಯಿಸದೆಯೇ ಆ ಹರಳುಗಳ ನಿಲುವನ್ನು ಬದಲಿಸಿ ಒತ್ತುವುದು ಹೇಗೆಂದು ಹಲವು ದೇಶಗಳ ಪ್ರಯೋಗಶಾಲೆಗಳು ಹುಡುಕುತ್ತಿವೆ.